ಪುಡಿಯಣ್ಣ ಅಳತೆ ಕುಟ್ಟಿದ ಪ್ರಸಂಗ

ಭಗವಂತನ ಸೃಷ್ಟಿಯಲ್ಲಿ ಪುಡಿಗಳು ಎರಡು ಬಗೆ. ಒಂದು ಬಗೆಯವು ಹೇಳಿದ ಮಾತು ಕೇಳುತ್ತವೆ. ಹಿಟ್ಟಿಗೆ ಒಂದಿಷ್ಟು ನೀರು ತೋರಿಸಿ ಅಂಗೈಯಲ್ಲಿ ಹಿಡಿದರೆ ಉಂಡೆಯಾಗುತ್ತದೆ. ಜೇಡಿಮಣ್ಣಿಗೆ ಬೆರಳು ತಾಕಿದರೆ ಸಾಕು, ಬೆರಳಿನ ಗುರುತನ್ನೇ ಒಡವೆಯಂತೆ ತೊಟ್ಟು ಕೂರುತ್ತದೆ. ಇನ್ನೊಂದು ಬಗೆಯವು ಕೆಲವು ನೆಂಟರ ಹಾಗೆ. ಹಿಡಿದು ಕೂರಿಸಿಕೊಂಡಷ್ಟು ಹೊತ್ತು ಎಲ್ಲದಕ್ಕೂ ಹೂಂ ಅನ್ನುತ್ತವೆ. ಕೈ ಬಿಟ್ಟ ಕ್ಷಣ ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಈ ಎರಡನೆಯ ಬಗೆಯನ್ನು ಭಗವಂತ ಯಾಕೆ ಸೃಷ್ಟಿಸಿದನೆಂದು ಹಿರಿಯರು ಯಾರೂ ಹೇಳಿಟ್ಟಿಲ್ಲ. ಪುಡಿಯಣ್ಣನ ಸತ್ವಪರೀಕ್ಷೆಗೆಂದೇ ಇರಬೇಕು.

ಪುಡಿಯಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಸಂಜೆ ಕೆಲಸ ಮುಗಿಸಿ ಬರುವಾಗ ಹುಬ್ಬಿನ ಮೇಲೆ ಬೂದುಬಣ್ಣದ ಪುಡಿ ಕೂತಿರುತ್ತಿದ್ದುದರಿಂದ ಬೀದಿಯವರು ಹಾಗೆ ಕರೆದರು, ಕರೆದೂ ಕರೆದೂ ಹೆಂಡತಿಯ ತವರಿನಲ್ಲೂ ಅದೇ ನಿಂತುಬಿಟ್ಟಿತು. ಅವನು ದುಡಿಯುತ್ತಿದ್ದದ್ದು ಬೀದಿಯ ಕೊನೆಯ ಸಣ್ಣ ಕಾರ್ಖಾನೆಯಲ್ಲಿ. ಅಲ್ಲಿ ಕಬ್ಬಿಣ ಕೆತ್ತುವ, ಕಲ್ಲು ಕೊರೆಯುವ ಉಪಕರಣಗಳಿಗೆ ತುದಿಗಳನ್ನು ಮಾಡುತ್ತಿದ್ದರು. ಮಾಡುವ ವಿಧಾನ ಹೀಗೆ: ಟಂಗ್‌ಸ್ಟನ್ ಕಾರ್ಬೈಡ್ ಎಂಬ ಪುಡಿ, ಅದರ ಒಂದೊಂದು ಕಣವೂ ಕಲ್ಲಿಗಿಂತ ಗಟ್ಟಿ. ಹಿಡಿದುಕೊಳ್ಳಲೆಂದು ಅದಕ್ಕೆ ಇನ್ನೊಂದು ಲೋಹದ ಪುಡಿ, ಜಾರಲೆಂದು ಒಂದಿಷ್ಟು ಮೇಣ. ಎಲ್ಲವನ್ನೂ ಬೆರೆಸಿ ಸಣ್ಣ ಸಣ್ಣ ಹರಳು ಮಾಡಿ, ಜರಡಿ ಹಿಡಿದು, ಉಕ್ಕಿನ ಅಚ್ಚಿಗೆ ತುಂಬಿ ಪ್ರೆಸ್ಸಿನಲ್ಲಿ ಒತ್ತಬೇಕು. ಒತ್ತಿ ಮೇಲೆತ್ತಿದರೆ ಸೀಮೆಸುಣ್ಣದಷ್ಟು ಮೆದುವಾದ ಒಂದು ಹಸಿ ಬಿಲ್ಲೆ. ಅದು ಕುಲುಮೆಯಲ್ಲಿ ಬೆಂದು ಬಂದರೆ ಮುಂದೆ ಅದರ ತಂಟೆಗೆ ಹೋಗುವ ಕಲ್ಲು ಯಾವುದೂ ಇಲ್ಲ.

ಬೇಯುವ ಮಾತು ಆಮೇಲೆ. ಹೊಸದಾಗಿ ಬಂದ ದಪ್ಪ ಬಿಲ್ಲೆಯ ಅಚ್ಚಿನಲ್ಲಿ ಹಸಿ ಬಿಲ್ಲೆಯೇ ಪೂರ್ತಿ ಹೊರಗೆ ಬರುತ್ತಿರಲಿಲ್ಲ. ಅಚ್ಚಿನೊಳಗಿದ್ದಾಗ ಸಾಧುವಿನಂತೆ ಕೂತಿರುತ್ತಿತ್ತು. ಮೇಲೆತ್ತಿದ ಕೂಡಲೇ ಅದರ ತಲೆಯ ಪದರ ಡಬ್ಬಿಯ ಮುಚ್ಚಳದ ಹಾಗೆ ಬೇರೆಯಾಗಿ ಬಿಡುತ್ತಿತ್ತು. ಪುಡಿಯಣ್ಣ ಇನ್ನೂ ಜೋರಾಗಿ ಒತ್ತಿದ. ತಲೆ ಇನ್ನೂ ಬೇಗ ಹಾರಿತು. ಬೈದ. ಆಮೇಲೆ ಬೈದದ್ದಕ್ಕೆ ಕ್ಷಮೆ ಕೇಳಿ, ದಿನವೂ ಪ್ರೆಸ್ಸಿಗೆ ಕೈಮುಗಿದು, "ದೇವರೇ, ಒಡೆಯದೆ ಇರಲಿ" ಎಂದು ಬೇಡಿಕೊಂಡ. ದೇವರು ಯಾವ ಪಕ್ಷವನ್ನೂ ವಹಿಸಲಿಲ್ಲ.

ಕಾರ್ಖಾನೆಯ ಯಜಮಾನರು ಕೂಗಾಡುವವರಲ್ಲ. ಮಾತು ಗಟ್ಟಿಯಾದಷ್ಟೂ ದನಿ ಮೆತ್ತಗಾಗುವ ಜಾಯಮಾನ. ಅವರು ಪುಡಿಯಣ್ಣನನ್ನು ಪಕ್ಕಕ್ಕೆ ಕರೆದು, ಪುಡಿ ಬೆಲೆಬಾಳುವ ವಸ್ತು, ಕಾರಣ ತಿಳಿಯುವವರೆಗೆ ಪ್ರೆಸ್ಸನ್ನು ಮುಟ್ಟುವುದು ಬೇಡ ಎಂದು, ಮಗುವಿಗೆ ಜೋಗುಳ ಹಾಡುವಷ್ಟು ಮೆಲ್ಲಗೆ ಹೇಳಿದರು. ಆಮೇಲೆ ಇನ್ನೂ ಮೆಲ್ಲಗೆ, "ಕಾರಣ ಸಿಗದಿದ್ದರೆ ಬೇಜಾರು ಬೇಡ. ನೀವು ಪ್ಯಾಕಿಂಗ್ ಮೇಜಿಗೆ ಹೋಗಿ. ಕೂತು ಮಾಡೋ ಕೆಲಸ, ಸೊಂಟಕ್ಕೂ ಒಳ್ಳೇದು" ಎಂದರು.

ಪ್ಯಾಕಿಂಗ್ ಮೇಜಿನ ಮುಖ್ಯಸ್ಥ ಪುಡಿಯಣ್ಣನ ಹೆಂಡತಿಯ ತಮ್ಮ. ಆ ಕೆಲಸಕ್ಕೆ ಅವನನ್ನು ಸೇರಿಸಿದವನೇ ಪುಡಿಯಣ್ಣ. ಸಂಸಾರದಲ್ಲಿ ಮನುಷ್ಯ ಬಹಳಷ್ಟನ್ನು ಸಹಿಸಬಲ್ಲ. ಆದರೆ ಹೆಂಡತಿಯ ತಮ್ಮನ ಹತ್ತಿರ ರಜೆ ಕೇಳುವ ಸ್ಥಿತಿ ಬಂದವನ ಮುಖವನ್ನು ಮಾವನ ಮನೆಯ ಊಟದ ಪಂಕ್ತಿಯಲ್ಲಿ ನೋಡಬಾರದು. ಭಾವಮೈದುನ ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ಎಷ್ಟೋ ಅನುಕೂಲವಿತ್ತು. ಅವನು ಅದೇ ದಿನ ಓಡೋಡಿ ಬಂದು, "ಭಾವ, ನೀವೇನೂ ಯೋಚನೆ ಮಾಡ್ಬೇಡಿ. ಕಿಟಕಿ ಪಕ್ಕದ ಸ್ಟೂಲು ನಿಮಗೇ ಅಂತ ತೆಗೆದಿಟ್ಟಿದೀನಿ" ಎಂದ.

ಈ ಸ್ಟೂಲಿನ ಮಾತು ಪುಡಿಯಣ್ಣನ ಎದೆಯಲ್ಲಿ ಮುಳ್ಳಿನಂತೆ ನಾಟಿತು. "ಸ್ಟೂಲು ನೀನೇ ಇಟ್ಕೋ ಮಾರಾಯ. ಕಾರಣ ನನಗೆ ಗೊತ್ತಾಗಿದೆ. ಸಂಶೋಧನೆ ನಡೀತಿದೆ" ಎಂದುಬಿಟ್ಟ.

ಕಾರಣ ಅವನಿಗೆ ಗೊತ್ತಿರಲಿಲ್ಲ. ಸಂಶೋಧನೆ ಎಂದರೇನೆಂಬುದೂ ಅಷ್ಟಾಗಿ ಗೊತ್ತಿರಲಿಲ್ಲ. ಆದರೆ ಬಾಯಿಂದ ಹೊರಟ ಮಾತು ಅಚ್ಚಿನಿಂದ ಹೊರಟ ಬಿಲ್ಲೆಯಂತೆ, ಮತ್ತೆ ಒಳಗೆ ತುರುಕಲಾಗದು.

ಸಂಶೋಧನೆ ಮಾಡೋಣವೆಂದರೆ ಪ್ರೆಸ್ಸು ಮುಟ್ಟುವಂತಿಲ್ಲ. ಹೀಗಾಗಿ ಅದು ಅಡಿಗೆಮನೆಯಲ್ಲಿ ಆರಂಭವಾಯಿತು. ಮರುದಿನ ಬೆಳಿಗ್ಗೆ ಹೆಂಡತಿ ಕಡಲೆಕಾಳನ್ನು ಡಬ್ಬಿಗೆ ಸುರಿಯುತ್ತಿದ್ದಳು. ಡಬ್ಬಿ ಕಂಠದವರೆಗೆ ತುಂಬಿತು, ಚೀಲದಲ್ಲಿ ಇನ್ನೂ ಕಾಳು ಉಳಿದಿತ್ತು. ಅವಳು ಡಬ್ಬಿಯನ್ನೆತ್ತಿ ನೆಲಕ್ಕೆ ಕುಕ್ಕಿದಳು. ಕಾಳು ಕೆಳಗಿಳಿಯಿತು. ಉಳಿದದ್ದನ್ನೂ ಸುರಿದು ಮುಚ್ಚಳ ಹಾಕಿದಳು. ಸೃಷ್ಟಿಯಾದಾಗಿನಿಂದ ಹೆಂಗಸರು ಮಾಡುತ್ತ ಬಂದ ಕೆಲಸ. ಪುಡಿಯಣ್ಣ ಮಾತ್ರ ಸೂರ್ಯೋದಯವನ್ನು ಮೊದಲ ಸಲ ಕಂಡವನ ಹಾಗೆ ಬಾಯಿ ಬಿಟ್ಟುಕೊಂಡು ನೋಡಿದ. ತುಂಬಿದೆ ಎಂದು ಕಂಡದ್ದು ತುಂಬಿರಲಿಲ್ಲ. ಕಾಳುಕಾಳಿನ ನಡುವೆ ಜಾಗವಿತ್ತು. ತನ್ನ ಅಚ್ಚಿನಲ್ಲೂ ಹೀಗೇ ಇರಬಹುದಲ್ಲ?

"ಇನ್ನೊಂದ್ಸಲ ಮಾಡು" ಎಂದ.

"ಏನ್ನ?"

"ಕುಕ್ಕೋದನ್ನ."

ಹೆಂಡತಿ ಗಂಡನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಅವನು ಡಬ್ಬಿಯ ಕಾಳನ್ನೆಲ್ಲ ನೆಲಕ್ಕೆ ಸುರಿದು, ತುಂಬಿ, ಕುಕ್ಕಿ, ಮತ್ತೆ ಸುರಿದು, ಅಡಿಗೆಮನೆಯ ತುಂಬ ಕಾಳು ಉರುಳಾಡಿದ ಮೇಲೆ, ಇಂಥ ಆಟ ಆಡುವುದಾದರೆ ಅಂಗಡಿಯಲ್ಲಿ ಹೋಗಿ ಆಡಿ ಎಂದು ಹೊರಗಟ್ಟಿದಳು. ಪುಡಿಯಣ್ಣ ಹೆಂಡತಿಯ ಮಾತನ್ನು ಮೀರಿದವನಲ್ಲ. ಅಂಗಡಿಗೇ ಹೋದ.

ದಿನಸಿ ಅಂಗಡಿಯವರು ಅಳತೆಯಲ್ಲಿ ನುರಿತ ಕೈ. ಕಾಳನ್ನು ಅಳತೆಪಾತ್ರೆಗೆ ಸುರಿಯುವಾಗ ಕೈ ಹಗುರ, ಪಾತ್ರೆಯನ್ನು ಚೀಲಕ್ಕೆ ಬಗ್ಗಿಸುವಾಗ ಕೈ ಚುರುಕು. ನಡುವೆ ಕಾಳಿಗೆ ತಾನು ಎಲ್ಲಿದ್ದೇನೆಂದು ಯೋಚಿಸಲೂ ಪುರುಸೊತ್ತಿರುತ್ತಿರಲಿಲ್ಲ. ಅಂದು ಪುಡಿಯಣ್ಣ ಒಂದು ಅಳತೆ ಕಡಲೆ ಕೇಳಿದ. ಅಂಗಡಿಯವರು ಅಳೆದು ಚೀಲಕ್ಕೆ ಬಗ್ಗಿಸುವಷ್ಟರಲ್ಲಿ ಅವರ ಮಣಿಕಟ್ಟು ಹಿಡಿದು ನಿಲ್ಲಿಸಿದ. ಪಾತ್ರೆಯನ್ನು ಕೈಗೆ ತೆಗೆದುಕೊಂಡು ಗಲ್ಲಾದ ಹಲಗೆಯ ಮೇಲೆ ಟಕ್ ಟಕ್ ಎಂದು ಕುಟ್ಟಿದ. ಕಾಳು ಬೆರಳಗಲ ಇಳಿಯಿತು. ಪುಡಿಯಣ್ಣ ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ, ಪಾತ್ರೆಯ ಅಂಚಿನ ಮಟ್ಟಕ್ಕೆ ಇನ್ನೊಂದು ಕಣ್ಣಿಟ್ಟು ನೋಡಿ, "ಹೂಂ" ಎಂದ.

ಅಂಗಡಿಯವರ ಹಣೆಯಲ್ಲಿ ಬೆವರು ಒಡೆಯಿತು.

ಆಮೇಲೆ ಪುಡಿಯಣ್ಣ ಒಂದು ಹಿಡಿ ಸಾಸಿವೆ ಕೇಳಿದ. ಅದನ್ನು ಕಡಲೆಯ ಮೇಲೆ ಸುರಿದು ಮತ್ತೆ ಕುಟ್ಟಿದ. ಸಾಸಿವೆ ಕಡಲೆಯ ಸಂದಿಯಲ್ಲಿ ಇಳಿದು ಮಾಯವಾಯಿತು, ಪಾತ್ರೆಯ ಮಟ್ಟ ಒಂದಿಷ್ಟೂ ಏರಲಿಲ್ಲ. ಇನ್ನೊಂದು ಹಿಡಿ, ಅದೂ ಮಾಯ. ದೊಡ್ಡವರ ನಡುವಿನ ಖಾಲಿ ಜಾಗವನ್ನು ಚಿಕ್ಕವರು ತುಂಬುವ ಈ ಪರಮಸತ್ಯವನ್ನು ಕಂಡು ಪುಡಿಯಣ್ಣನ ಮುಖ ಅರಳಿತು. ಜರಡಿಯ ಕೆಳಗೆ ಬಿದ್ದ ನುಣುಪು ಪುಡಿಯನ್ನು ಕಾರ್ಖಾನೆಯಲ್ಲಿ ಬೇರೆ ತೆಗೆದಿಡುತ್ತಿದ್ದರಲ್ಲ, ಅದನ್ನು ಸ್ವಲ್ಪ ಹರಳಿಗೆ ಬೆರೆಸಿದರೆ ಹೇಗೆ? "ಎಷ್ಟು ಜಾಗ ಖಾಲಿ ಇತ್ತು ನೋಡಿದ್ರಾ" ಎಂದು ಅಂಗಡಿಯವರನ್ನೇ ಕೇಳಿದ, ಸಂತೋಷದಿಂದ.

ಅಂಗಡಿಯವರಿಗೆ ಪುಡಿಯಣ್ಣ ವರ್ಷಗಳಿಂದ ಗೊತ್ತು. ಆದರೆ ದಿನವೂ ಹುಬ್ಬಿಗೆ ಬೂದಿ ಹಚ್ಚಿಕೊಂಡು ಬರುವ ಈ ಮನುಷ್ಯ ನಿಜವಾಗಿ ಎಲ್ಲಿ ಹೋಗಿ ಬರುತ್ತಾನೆಂದು ಯಾರಾದರೂ ಕೇಳಿದ್ದುಂಟೆ? ಅವರು ಗಲ್ಲಾದ ಈಚೆ ಬಂದು, ಕೈಕಟ್ಟಿ, "ತಾವು... ಯಾವ ಕಡೆಯಿಂದ ಬಂದಿರೋದು ಅಂತ ತಿಳೀಬಹುದಾ?" ಎಂದರು.

ಪುಡಿಯಣ್ಣನನ್ನು ಆವರೆಗೆ ಯಾರೂ ತಾವು ಎಂದವರಿಲ್ಲ. ಆ ಒಂದು ಮಾತು ಅವನ ಬೆನ್ನುಮೂಳೆಯನ್ನು ನೆಟ್ಟಗೆ ಮಾಡಿತು. ಪ್ರೆಸ್ಸಿನ ಕೆಲಸ ಹೋಗುವ ಹಂತದಲ್ಲಿದೆ ಎಂದು ಹೇಳಲು ಅಂಥ ಬೆನ್ನು ಒಪ್ಪುವುದಿಲ್ಲ. "ಅಳತೆ ವಿಚಾರದಲ್ಲಿ ಸ್ವಲ್ಪ ಸಂಶೋಧನೆ ನಡೀತಿದೆ. ಸದ್ಯಕ್ಕೆ ಯಾರಿಗೂ ಹೇಳ್ಬೇಡಿ" ಎಂದು ಗಂಭೀರವಾಗಿ ಹೇಳಿ ಹೊರಟ.

ಯಾರಿಗೂ ಹೇಳಬೇಡಿ ಎಂಬ ಮಾತಿಗೆ ಕಾಲಿಲ್ಲ, ರೆಕ್ಕೆಯಿದೆ. ಅದು ಪುಡಿಯಣ್ಣನಿಗಿಂತ ಮೊದಲು ಬೀದಿಯ ಇನ್ನೊಂದು ತುದಿ ತಲುಪಿತು.

ಮರುದಿನ ಹಾಲಿನವನು ಬಂದ. ಹಾಲನ್ನು ಎತ್ತರದಿಂದ ಬುರುಬುರು ಸುರಿದು ಅಳತೆಯ ಅರ್ಧಭಾಗ ನೊರೆಯಿಂದ ತುಂಬಿಸುವುದು ಅವನ ವಂಶಪಾರಂಪರ್ಯದ ಕಲೆ. ಪುಡಿಯಣ್ಣ ಹೊಸ್ತಿಲ ಬಳಿ ಕುಕ್ಕರಗಾಲಲ್ಲಿ ಕೂತು, "ಸ್ವಲ್ಪ ತಡಿ. ಗಾಳಿ ಹೋಗಲಿ" ಎಂದ. ಇಬ್ಬರೂ ಕಾದರು. ನೊರೆಯ ಗುಳ್ಳೆಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಹಾಲು ತನ್ನ ನಿಜವಾದ ಮಟ್ಟಕ್ಕೆ, ಅಂದರೆ ಹಾಲಿನವನಿಗೆ ಇಷ್ಟವಿಲ್ಲದ ಮಟ್ಟಕ್ಕೆ, ಇಳಿಯಿತು. ಪುಡಿಯಣ್ಣನ ತಲೆಯಲ್ಲಿ ಏನೋ ಮಿಂಚಿತು. ಬೇಗ ಸುರಿದರೆ ಹಾಲಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಬೇಗ ಒತ್ತಿದರೆ ಪುಡಿಯಲ್ಲೂ ಸಿಕ್ಕಿಕೊಳ್ಳಬೇಕಲ್ಲ. ಒಳಗೆ ಸಿಕ್ಕವನು ಬಾಗಿಲು ತೆರೆದ ಕೂಡಲೇ ಮುಚ್ಚಳ ಹಾರಿಸಿಕೊಂಡು ಓಡದೆ ಇರುತ್ತಾನೆಯೆ? ಅವನು ಈ ಆನಂದದಲ್ಲಿ ಮುಳುಗಿ ನೊರೆಯನ್ನೇ ನೋಡುತ್ತಿದ್ದಾಗ, ಹಾಲಿನವನು ಕ್ಯಾನು ಕೆಳಗಿಟ್ಟು ಕೈಜೋಡಿಸಿದ.

"ನಮ್ಮ ಹಸು ಮೇಲಾಣೆ ಸ್ವಾಮಿ, ನೊರೆ ನಾನು ಮಾಡೋದಲ್ಲ. ಅದು ತಾನಾಗೇ ಬರುತ್ತೆ" ಎಂದ.

"ಬರಲಿ ಬರಲಿ, ಅದೇ ಬೇಕಾಗಿರೋದು" ಎಂದ ಪುಡಿಯಣ್ಣ. ಈ ಮಾತಿನಲ್ಲಿ ಹಾಲಿನವನು ಕಂಡ ಬೆದರಿಕೆಯನ್ನು ಸಾಕ್ಷಾತ್ ನ್ಯಾಯಾಧೀಶರೂ ಒಡ್ಡಿರಲಾರರು.

ಎದುರುಮನೆಯಲ್ಲಿ ನಿವೃತ್ತ ಟೀಚರಮ್ಮ ಒಬ್ಬರೇ ಇದ್ದರು. ಅವರ ಬೀರುವಿನ ಸೆಳೆಖಾನೆ, ಅಂದರೆ ಡ್ರಾಯರು, ಬಿಗಿಯಾದ್ದರಿಂದ ಬಡಗಿ ಬಂದಿದ್ದ. ಅವನು ಅದರ ಎರಡು ಪಕ್ಕಕ್ಕೂ ಮೇಣದಬತ್ತಿ ಉಜ್ಜಿ ತಳ್ಳಿದ್ದನ್ನು ಪುಡಿಯಣ್ಣ ಕಿಟಕಿಯಿಂದ ತಲೆ ತೂರಿಸಿ ನೋಡಿ, ಮೇಣ ಎಷ್ಟು, ಎಲ್ಲಿ, ಯಾಕೆ ಎಂದೆಲ್ಲ ವಿಚಾರಿಸಿದ. ಬಡಗಿ ಉತ್ತರ ಹೇಳುವ ಮೊದಲು ತನ್ನ ಅಳತೆಪಟ್ಟಿಯನ್ನು ಸದ್ದಿಲ್ಲದೆ ಚೀಲಕ್ಕೆ ಸೇರಿಸಿದ. ಟೀಚರಮ್ಮನ ಕಣ್ಣಿಗೆ ಅಷ್ಟು ಸಾಕಾಯಿತು. ಜೀವಮಾನವಿಡೀ ಮಕ್ಕಳ ಕಳ್ಳಾಟ ಹಿಡಿದವರು. ಅಳತೆ ಇಲಾಖೆಯ ಗುಪ್ತ ಅಧಿಕಾರಿ ತಮ್ಮ ಬೀದಿಯಲ್ಲೇ ಮನೆಮಾಡಿದ್ದಾನೆಂದೂ, ಆ ನಡಿಗೆ ನೋಡಿದಾಗಲೇ ತಮಗೆ ಸಂಶಯ ಬಂದಿತ್ತೆಂದೂ ಸಂಜೆಯೊಳಗೆ ಎಲ್ಲರಿಗೂ ತಿಳಿಸಿದರು.

ಆಮೇಲೆ ಬೀದಿಯಲ್ಲಿ ಧರ್ಮ ನೆಲೆಸಿತು. ಹಾಲು ಪಾತ್ರೆಯ ಒಳಗೋಡೆಗುಂಟ ಜಾರಿ ಸದ್ದಿಲ್ಲದೆ ಅಳತೆಗೆ ಇಳಿಯತೊಡಗಿತು. ದಿನಸಿ ಅಂಗಡಿಯವರು ಕಾಳನ್ನು ತಾವೇ ಕುಟ್ಟಿ, ಮೇಲೆ ಇನ್ನೊಂದು ಗುಡ್ಡ ಕಟ್ಟಿ ಕೊಟ್ಟರು. ಬಟ್ಟೆ ಅಂಗಡಿಯವನು ಮೊಳ ಹಾಕುವಾಗ ಕೈಯನ್ನು ಎಷ್ಟು ಚಾಚಿದನೆಂದರೆ ಭುಜ ಉಳುಕಿತು. ಪುಡಿಯಣ್ಣನ ಹೆಂಡತಿಗೆ ಒಂದೇ ಬೆರಗು: ಅಷ್ಟೇ ಅಳತೆ ತಂದ ಕಾಳು ಈಗ ಎಷ್ಟು ಕುಕ್ಕಿದರೂ ಡಬ್ಬಿಗೆ ಹಿಡಿಸುತ್ತಿರಲಿಲ್ಲ. ನೆರೆಯ ಹೆಂಗಸರು ಬಂದು ಎಣ್ಣೆಯವನ ಮೇಲೆ, ಸೌದೆಯವನ ಮೇಲೆ ದೂರು ಹೇಳತೊಡಗಿದರು. ಅವಳು ಮೊದಲು ಬಾಗಿಲಲ್ಲಿ ನಿಂತು ಕೇಳಿದಳು, ಮರುದಿನ ಚಾಪೆ ಹಾಸಿ ಕೇಳಿದಳು, ಅದರ ಮರುದಿನ ಕುರ್ಚಿಯ ಮೇಲೆ ಕೂತು, "ಅವರ ಕಿವಿಗೆ ಹಾಕ್ತೀನಿ, ನೀವು ಹೋಗಿ ಬನ್ನಿ" ಎಂದು ಭರವಸೆ ಕೊಟ್ಟಳು.

ಆ ಸಂಜೆ ಗಂಡ ಕೈಕಾಲು ತೊಳೆಯುತ್ತಿದ್ದಾಗ ಟವೆಲು ಹಿಡಿದು ನಿಂತು, "ರೀ, ನಿಮ್ಮ ಹೊಸ ಕೆಲಸ ಬೀದಿಗೆಲ್ಲ ಗೊತ್ತು. ಕಟ್ಕೊಂಡವಳಿಗೆ ಮಾತ್ರ ಗೊತ್ತಿಲ್ಲ" ಎಂದಳು.

ಪುಡಿಯಣ್ಣನಿಗೆ ಆಗಲೇ ವಿಷಯ ತಿಳಿದದ್ದು. ಗಾಬರಿಯಾಗಿ, ತಾನು ಯಾವ ಅಧಿಕಾರಿಯೂ ಅಲ್ಲ, ಬಿಲ್ಲೆಯ ತಲೆ ಹಾರುವುದಕ್ಕೆ ಮದ್ದು ಹುಡುಕುತ್ತಿದ್ದೇನೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದ. ಹೆಂಡತಿ ನಕ್ಕಳು. "ಹೇಳಬಾರದು ಅಂತ ಆಜ್ಞೆ ಇದ್ರೆ ಬೇಡ ಬಿಡಿ. ಹೊಟ್ಟೆಯಲ್ಲಿ ಇಟ್ಕೊಳ್ಳಿ" ಎಂದಳು. ಅವನು ಟೀಚರಮ್ಮನ ಹತ್ತಿರ ಹೋಗಿ ಕೈಮುಗಿದು ತಾನು ಅಧಿಕಾರಿಯಲ್ಲ ಎಂದ. ನಿಜವಾದ ಗುಪ್ತ ಅಧಿಕಾರಿ ಹಾಗೇ ಹೇಳುತ್ತಾನೆಂದು ಅವರು ಇನ್ನಷ್ಟು ಗೌರವ ಕೊಟ್ಟರು. ಅಂಗಡಿಯವರಿಗೂ ಹೇಳಿದ. ಅವರು ಹೌದು ಸ್ವಾಮಿ, ತಾವು ಅಲ್ಲವೇ ಅಲ್ಲ, ಎಂದು ಹಿಡಿ ದ್ರಾಕ್ಷಿಯನ್ನು ಜೇಬಿಗೆ ಹಾಕಲು ಬಂದರು. ಸುಳ್ಳಿಗೆ ಜನ ಸಾಕ್ಷಿ ಕೇಳುವುದಿಲ್ಲ. ಸತ್ಯವೊಂದಕ್ಕೆ ಮಾತ್ರ ಈ ಲೋಕದಲ್ಲಿ ಜಾಮೀನು ಬೇಕು.

ಸುದ್ದಿ ಭಾವಮೈದುನನಿಗೆ ತಲುಪಿತು. ಅವನು ಒಳ್ಳೆಯವನಾದ್ದರಿಂದ ನೇರ ಯಜಮಾನರ ಹತ್ತಿರ ಹೋಗಿ, ಭಾವನಿಗೆ ಸರ್ಕಾರದಲ್ಲಿ ಒಳ್ಳೆಯ ಕೆಲಸ ಸಿಕ್ಕಿದೆಯೆಂದೂ, ಪ್ರೆಸ್ಸಿನ ಬಗ್ಗೆ ಇನ್ನು ಅವರಿಗೆ ಹಿಂಸೆ ಕೊಡಬಾರದೆಂದೂ ಬೇಡಿಕೊಂಡ. ಯಜಮಾನರು ಪುಡಿಯಣ್ಣನನ್ನು ಕರೆಸಿದರು. ಅವರ ದನಿ ಅಂದು ಎಷ್ಟು ಮೆತ್ತಗಿತ್ತೆಂದರೆ ಪುಡಿಯಣ್ಣ ಮುಂದಕ್ಕೆ ಬಗ್ಗಿ ಕೇಳಬೇಕಾಯಿತು.

"ಸರ್ಕಾರದವರು ಬಿಟ್ಟುಕೊಟ್ಟರೆ ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಬನ್ನಿ. ಬಿಲ್ಲೆ ಪೂರ್ತಿ ಬಂದರೆ ಮುಂದಿನ ಮಾತು. ಬರದಿದ್ದರೆ, ಕಿಟಕಿ ಪಕ್ಕದಲ್ಲಿ ಗಾಳಿ ಚೆನ್ನಾಗಿ ಬರುತ್ತಂತೆ."

ಇತ್ತ ದಿನಸಿ ಅಂಗಡಿಯವರಿಗೆ ಗುಡ್ಡ ಕಟ್ಟಿ ಕಟ್ಟಿ ಸಾಕಾಗಿತ್ತು. ಅವರು ಧೈರ್ಯ ಮಾಡಿ ಅಳತೆ ಇಲಾಖೆಯ ಕಚೇರಿಗೇ ಹೋದರು. ತಮ್ಮ ಬೀದಿಗೆ ಹಾಕಿರುವ ಅಧಿಕಾರಿ ಬಹಳ ಪ್ರಾಮಾಣಿಕರು, ಅದರಲ್ಲಿ ಎರಡು ಮಾತಿಲ್ಲ, ಆದರೆ ದಿನಕ್ಕೆ ಇಷ್ಟೇ ಸಲ ಕುಟ್ಟಬೇಕೆಂದು ಅವರಿಗೆ ಏನಾದರೂ ನಿಯಮವಿದ್ದರೆ ಒಳ್ಳೆಯದು ಎಂದು ವಿನಯದಿಂದ ಅರಿಕೆ ಮಾಡಿಕೊಂಡರು. ಅಲ್ಲಿದ್ದ ಅಧಿಕಾರಿ, ನರೆತ ಮೀಸೆಯ, ಸಾವಧಾನದ ಮನುಷ್ಯ, ಪೂರ್ತಿ ಕೇಳಿ, ಆ ಬೀದಿಗೆ ತಾವು ಯಾರನ್ನೂ ಹಾಕಿಲ್ಲ ಎಂದರು.

ಮರುದಿನ ಬೆಳಿಗ್ಗೆ ಕಾರ್ಖಾನೆಯಲ್ಲಿ ಪುಡಿಯಣ್ಣ ಸ್ನಾನ ಮಾಡಿ ಬಂದವನ ಶುದ್ಧಿಯಲ್ಲಿ ಪ್ರೆಸ್ಸಿನ ಮುಂದೆ ನಿಂತ. ಯಜಮಾನರು ಒಂದು ಪಕ್ಕ, ಭಾವಮೈದುನ ಇನ್ನೊಂದು ಪಕ್ಕ. ಬೀದಿಯಲ್ಲಿ ಕಲಿತದ್ದರಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂದು ಅವನಿಗೆ ತಿಳಿಯಲಿಲ್ಲ. ಸ್ಟೂಲಿನ ಭಯ ದೊಡ್ಡದು, ಎಲ್ಲವನ್ನೂ ಮಾಡಿದ. ಜರಡಿಯ ಕೆಳಗಿನ ನುಣುಪು ಪುಡಿಯನ್ನು ಸ್ವಲ್ಪ ಹರಳಿಗೆ ಬೆರೆಸಿದ. ಅಚ್ಚಿನ ಒಳಗೋಡೆಗೆ ಮೇಣ ಉಜ್ಜಿದ. ತುಂಬಿ, ಮರದ ಸುತ್ತಿಗೆಯಿಂದ ಅಚ್ಚಿನ ಪಕ್ಕವನ್ನು ಟಕ್ ಟಕ್ ಎಂದು ತಟ್ಟಿ ಪುಡಿಯನ್ನು ಕೂರಿಸಿದ. ಕೊನೆಗೆ ಲಿವರನ್ನು ಹಿಡಿದು, ಮಲಗಿದ ಮಗುವಿನ ಮೇಲೆ ಹೊದಿಕೆ ಎಳೆಯುವಂತೆ, ಇಳಿಸುತ್ತ ಬಂದ.

ಲಿವರ್ ಅರ್ಧ ದಾರಿಯಲ್ಲಿದ್ದಾಗ ಬಾಗಿಲು ತೆರೆಯಿತು. ನರೆತ ಮೀಸೆಯ ಅಧಿಕಾರಿ. ಅವರ ಹಿಂದೆ ದಿನಸಿ ಅಂಗಡಿಯವರು, ಸಾಕ್ಷಿಗೆಂದು ಹಾಲಿನವನು, ಯಾರೂ ಕರೆಯದಿದ್ದರೂ ಟೀಚರಮ್ಮ, ಟೀಚರಮ್ಮ ಕರೆದದ್ದರಿಂದ ಪುಡಿಯಣ್ಣನ ಹೆಂಡತಿ.

"ಅಳತೆ ಅಧಿಕಾರಿ ಅಂತ ಹೇಳ್ಕೊಂಡು ತಿರುಗೋರು ಇಲ್ಲಿ ಯಾರು?" ಎಂದರು ಅಧಿಕಾರಿ.

ಪುಡಿಯಣ್ಣ ತಿರುಗಲಿಲ್ಲ. ಕೈ ಬಿಡುವಂತಿರಲಿಲ್ಲ. "ಸ್ವಲ್ಪ ತಡೀರಿ. ಗಾಳಿ ಹೋಗ್ತಿದೆ" ಎಂದ.

ಆ ದನಿಯಲ್ಲಿ ಏನಿತ್ತೋ ಕಾಣೆ, ಅಧಿಕಾರಿ ತಡೆದರು. ಅವರು ತಡೆದದ್ದರಿಂದ ಎಲ್ಲರೂ ತಡೆದರು. ಹಾಲಿನವನಿಗೆ ಇದು ಅಭ್ಯಾಸವಾಗಿದ್ದರಿಂದ ಅವನು ಕುಕ್ಕರಗಾಲಲ್ಲಿ ಕೂತೇಬಿಟ್ಟ. ಲಿವರ್ ಕೊನೆ ಮುಟ್ಟಿತು, ಅಲ್ಲೇ ನಿಂತಿತು, ಬಂದ ಹಾಗೇ ನಿಧಾನವಾಗಿ ಹಿಂದೆ ಸರಿಯಿತು. ಅಚ್ಚಿನ ತಳದಿಂದ ಬಿಲ್ಲೆ ಮೇಲೆ ಬಂತು. ಬೂದುಬಣ್ಣ, ನುಣುಪು, ಚೂಪಾದ ಅಂಚು. ತಲೆ ತನ್ನ ಜಾಗದಲ್ಲೇ ಇತ್ತು. ಪುಡಿಯಣ್ಣ ಅದನ್ನು ಎರಡು ಬೆರಳಲ್ಲಿ ಎತ್ತಿ ಅಂಗೈಯಲ್ಲಿಟ್ಟುಕೊಂಡ. ಆಗಲೂ ಇತ್ತು.

ಅಧಿಕಾರಿ ಬಂದ ಕೆಲಸ ಮರೆತು, ಬಿಲ್ಲೆಯನ್ನು ನೋಡಿ, ಇದೇನು, ಹೇಗೆ ಎಂದು ಒಂದೊಂದಾಗಿ ಕೇಳಿದರು. ಪುಡಿಯಣ್ಣ ಕಾಳು, ಸಾಸಿವೆ, ನೊರೆ, ಸೆಳೆಖಾನೆ ಎಲ್ಲವನ್ನೂ ಹೇಳಿದ. ತಾನು ಅಧಿಕಾರಿ ಎಂದು ಯಾರ ಹತ್ತಿರವೂ ಹೇಳಿಲ್ಲ ಎಂದೂ, ಆದರೆ ತಾವು ಎಂದಾಗ ಖುಷಿಯಾಗಿ ತಡೆಯಲಿಲ್ಲ ಎಂದೂ ಒಪ್ಪಿಕೊಂಡ. ಅಧಿಕಾರಿ ದಿನಸಿ ಅಂಗಡಿಯವರತ್ತ ತಿರುಗಿದರು.

"ಇವರು ನಿಮ್ಮ ಹತ್ರ ದುಡ್ಡು ಗಿಡ್ಡು ಏನಾದ್ರೂ ಕೇಳಿದ್ರಾ?"

"ಇಲ್ಲ ಸ್ವಾಮಿ. ಕುಟ್ಟಿದ್ರು ಅಷ್ಟೆ."

"ಕುಟ್ಟಿದ ಮೇಲೆ ನೀವು ಗುಡ್ಡ ಕಟ್ಟಿ ಕೊಟ್ರಿ. ಸರಿ. ಅದಕ್ಕೆ ಮುಂಚೆ ಹೇಗೆ ಕೊಡ್ತಿದ್ರಿ?"

ಅಂಗಡಿಯವರಿಗೆ ಆ ಕ್ಷಣದಲ್ಲಿ ಪ್ರೆಸ್ಸಿನ ಬಗ್ಗೆ ಎಲ್ಲಿಲ್ಲದ ಕುತೂಹಲ ಹುಟ್ಟಿ, ಅದರ ಹಿಂಭಾಗವನ್ನು ನೋಡಲು ಹೋದರು. ಹಾಲಿನವನೂ ಅವರ ಹಿಂದೆ ಹೋದ. ವಾಪಸು ಹೋಗುವಾಗ ನಿಮ್ಮ ಬೀದಿಯಲ್ಲೇ ಹೋಗುತ್ತೇನೆ, ಅಳತೆಪಾತ್ರೆ ತೆಗೆದಿಟ್ಟಿರಿ ಎಂದು ಅಧಿಕಾರಿ ಪ್ರೆಸ್ಸಿನ ಹಿಂಭಾಗಕ್ಕೆ ಕೇಳಿಸುವಂತೆ ಹೇಳಿದರು. ಆದರೆ ಹೋಗಲಿಲ್ಲ. ಒಂದು ಪೆಟ್ಟಿಗೆ ಎಳೆದುಕೊಂಡು ಅಲ್ಲೇ ಕೂತರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಪುಡಿಯಣ್ಣನಿಗೂ ಹಾಗೇ ಅನಿಸಿತ್ತು. ಆಗ ಯಜಮಾನರು, "ಬಹಳ ಸಂತೋಷ. ಇಷ್ಟರಲ್ಲಿ ಕೆಲಸ ಮಾಡಿದ್ದು ಯಾವುದು?" ಎಂದರು.

ಪುಡಿಯಣ್ಣ ಬಿಲ್ಲೆಯನ್ನು ನೋಡಿದ. ಬಿಲ್ಲೆ ಹೇಳಲಿಲ್ಲ.

"ಎಲ್ಲಾ ಒಟ್ಟಿಗೆ ಮಾಡ್ಬಿಟ್ಟೆ."

"ಅದೇ ಕೇಳಿದ್ದು. ಒಂದೊಂದು ಬಿಲ್ಲೆಗೂ ಮೇಣ ಉಜ್ಜಿ, ಪುಡಿ ಬೆರೆಸಿ, ತಟ್ಟಿ, ಮಗು ಮಲಗಿಸೋ ಹಾಗೆ ಒತ್ತಿದರೆ ನಾವು ತಿಂಗಳಿಗೆ ಒಂದು ತಟ್ಟೆ ಬಿಲ್ಲೆ ಮಾಡ್ತೀವಿ. ಯಾವುದು ಬೇಕು, ಯಾವುದು ಬೇಡ ಅಂತ ಗೊತ್ತಾಗಬೇಕು. ಒಂದೊಂದೇ ಬಿಡ್ತಾ ಬನ್ನಿ. ಒಡೆಯೋವರೆಗೂ ಬಿಡಿ. ಯಾವುದನ್ನ ಬಿಟ್ಟಾಗ ಒಡೆಯುತ್ತೋ ಅದೇ ಕಾರಣ. ಅದು ಸಿಕ್ಕಿದರೆ ಪ್ರೆಸ್ಸು ನಿಮ್ಮದು."

ಸಿಗದಿದ್ದರೆ ಎಂಬುದನ್ನು ಯಾರೂ ಹೇಳಲಿಲ್ಲ. ಭಾವಮೈದುನ ಮಾತ್ರ ಅನುಕಂಪದಿಂದ ಕಿಟಕಿಯ ಕಡೆ ನೋಡಿದ.

ಪುಡಿಯಣ್ಣ ಮೇಣ ಬಿಟ್ಟ. ಬಿಲ್ಲೆ ಅಚ್ಚಿನಿಂದ ಸ್ವಲ್ಪ ಕಿರುಗುಟ್ಟುತ್ತ ಬಂತು, ಆದರೆ ಪೂರ್ತಿ ಬಂತು. ಹೆಂಡತಿ ಸಂತೋಷಪಟ್ಟಳು. ಯಜಮಾನರು ತಲೆ ಅಲ್ಲಾಡಿಸಿದರು. ನುಣುಪು ಪುಡಿ ಬಿಟ್ಟ. ಪೂರ್ತಿ ಬಂತು. ಹೆಂಡತಿ ಮತ್ತೆ ಸಂತೋಷಪಡಲು ಹೊರಟಾಗ ಟೀಚರಮ್ಮ ಮೊಣಕೈಯಿಂದ ತಿವಿದು, ಈಗ ಬೇಕಾಗಿರುವುದು ಒಡೆಯುವುದು ಎಂದು ಪಾಠ ಹೇಳಿದರು. ತಟ್ಟುವುದನ್ನು ಬಿಟ್ಟ. ಬಿಲ್ಲೆ ಒಂದು ಕೂದಲೆಳೆ ಗಿಡ್ಡವಾಗಿತ್ತು, ಆದರೆ ಮದುಮಗನಂತೆ ಇಡಿಯಾಗಿ ನಿಂತಿತ್ತು. ಕಾರ್ಖಾನೆಯಲ್ಲಿ ಒಂದು ನಿಟ್ಟುಸಿರು ಹೊರಟಿತು. ವಾರಗಟ್ಟಲೆ ಮುಟ್ಟಿದರೆ ಒಡೆಯುತ್ತಿದ್ದದ್ದು, ಒಡೆಯಬೇಕಾದ ದಿನ ಒಡೆಯಲೊಲ್ಲದು.

ಉಳಿದದ್ದು ಒಂದೇ, ಆ ನಿಧಾನ. ಅದನ್ನೂ ಬಿಟ್ಟ ಮೇಲೆ ಬಿಲ್ಲೆ ಪೂರ್ತಿ ಬಂದರೆ, ಇವನು ಕಂಡುಹಿಡಿದದ್ದು ಏನೂ ಇಲ್ಲ. ಇಂದು ಪುಡಿಗೆ ಮನಸ್ಸು ಬಂದಿತ್ತು, ನಾಳೆ ಬಾರದೆ ಇರಬಹುದು, ಅಷ್ಟೆ. ಪುಡಿಯಣ್ಣ ಅಚ್ಚು ತುಂಬಿದ. ಲಿವರಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ. ತುಟಿ ಅಲುಗಿತು.

"ದೇವರೇ, ಒಡೆಯಲಿ."

ಮೇಲೆ ಕೂತು ಕೇಳುವವನ ಸಹನೆಯನ್ನು ನಾವು ಕೊಂಡಾಡಬೇಕು. ಇಷ್ಟು ದಿನ ಇದೇ ಮನುಷ್ಯ, ಇದೇ ಜಾಗದಲ್ಲಿ, ಇದೇ ಬಿಲ್ಲೆಯ ಬಗ್ಗೆ ಒಡೆಯದಿರಲಿ ಎಂದು ಬೇಡಿದವನು. ನಾವಾಗಿದ್ದರೆ ಮೊದಲು ನಿನಗೇನು ಬೇಕೆಂದು ತೀರ್ಮಾನಿಸಿಕೊಂಡು ಬಾ ಎಂದು ಕಳಿಸಿಬಿಡುತ್ತಿದ್ದೆವು. ಭಗವಂತ ಕಳಿಸಲಿಲ್ಲ.

ಪುಡಿಯಣ್ಣ ಲಿವರನ್ನು ಸರಕ್ಕನೆ ಎಳೆದ, ಸರಕ್ಕನೆ ಬಿಟ್ಟ. ಬಿಲ್ಲೆ ಮೇಲೆ ಬಂತು. ಪೂರ್ತಿಯಾಗಿ ಬಂತು. ಎಲ್ಲರ ಮುಖ ಇಳಿಯಿತು. ಅಧಿಕಾರಿ ಪೆಟ್ಟಿಗೆಯಿಂದ ಅರ್ಧ ಎದ್ದರು. ಭಾವಮೈದುನ ಕರ್ಚೀಫು ತೆಗೆದ. ಅಷ್ಟರಲ್ಲಿ ಪಿಟ್ ಎಂದು ಸಣ್ಣ ಸದ್ದು. ಬಿಲ್ಲೆಯ ತಲೆಯ ಕೆಳಗೆ ಕೂದಲಿನಂಥ ಗೆರೆಯೊಂದು ಹುಟ್ಟಿ, ಸುತ್ತ ಒಂದು ಪ್ರದಕ್ಷಿಣೆ ಬಂದು ತನ್ನನ್ನು ತಾನೇ ಕೂಡಿಕೊಂಡಿತು. ತಲೆ, ಹಿರಿಯರನ್ನು ಕಂಡವನು ಟೊಪ್ಪಿಗೆ ತೆಗೆಯುವಷ್ಟು ವಿನಯದಿಂದ, ಪಕ್ಕಕ್ಕೆ ಜಾರಿತು.

ಕಾರ್ಖಾನೆಯಲ್ಲಿ ಚಪ್ಪಾಳೆ ಬಿತ್ತು. ಹಾಲಿನವನೂ ತಟ್ಟಿದ, ಯಾಕೆಂದು ತಿಳಿಯದೆ. ಅಧಿಕಾರಿ ಎರಡು ತುಂಡನ್ನೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ, ಗಾಳಿ ಎಲ್ಲಿಂದ ಹೊರಟಿತು ನೋಡಿ ಎಂದು ಟೀಚರಮ್ಮನಿಗೆ ತೋರಿಸಿದರು. ಗಾಳಿ ಕಾಣದಿದ್ದರೂ ಟೀಚರಮ್ಮ ನೋಡಿದರು. ಹೆಂಡತಿ, ತನ್ನ ಗಂಡ ಅಧಿಕಾರಿಯಲ್ಲವೆಂದು ಆಗ ತಾನೆ ನಂಬಿದವಳು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಒಡೆದದ್ದಾದ್ರೂ ನೆಟ್ಟಗೆ ಒಡೀತಲ್ಲ" ಎಂದಳು.

ಯಜಮಾನರು ಎಲ್ಲರಿಗೂ ಕೇಳುವಂತೆ, ಸ್ವಲ್ಪ ಒರಟಾಗಿಯೇ ಮಾತಾಡಿದರು. ಅವರ ದನಿ ಗಟ್ಟಿಯಾಯಿತೆಂದರೆ ಒಳಗೆ ಸಂತೋಷವಿದೆ ಎಂದರ್ಥ. "ಒಂದು ಸಲ ಆದದ್ದು ಅದೃಷ್ಟ ಇರಬಹುದು. ಇನ್ನೊಂದು ಒಡೆದು ತೋರಿಸಿ. ಆಮೇಲೆ ನಿಧಾನ ಎಷ್ಟು ಕಡಿಮೆ ಮಾಡಬಹುದು ಅಂತ ಹುಡುಕಿ. ಪ್ರೆಸ್ಸು ನಿಮ್ಮದು. ಒಡೆದ ಚೂರು ಎಣಿಸಿ ತೆಗೆದಿಡೋಕೆ ಒಬ್ಬರು ಬೇಕಾಗುತ್ತೆ."

ಅಲ್ಲಿ ಬಿಡುವಾಗಿದ್ದವನು ಒಬ್ಬನೇ. ಭಾವಮೈದುನ ಕರ್ಚೀಫನ್ನು ಜೇಬಿಗಿಟ್ಟು, ಒಂದು ತಟ್ಟೆ ತಂದು ಪ್ರೆಸ್ಸಿನ ಪಕ್ಕ ನಿಂತ. ಕೂರಲು ಅಲ್ಲಿ ಏನೂ ಇರಲಿಲ್ಲ. ಪುಡಿಯಣ್ಣನಿಗೆ ಸ್ಟೂಲಿನ ಬಗ್ಗೆ ಒಂದು ಮಾತು ನಾಲಗೆಯ ತುದಿಗೆ ಬಂದಿತ್ತು. ಆದರೆ ಅವಸರದಿಂದ ಏನಾಗುತ್ತದೆಂದು ಆಗಷ್ಟೇ ಕಂಡವನಾದ್ದರಿಂದ ಅದನ್ನು ನುಂಗಿಕೊಂಡು, ಅಚ್ಚು ತುಂಬಿ, ಮತ್ತೆ ಸರಕ್ಕನೆ ಎಳೆದ. ಒಡೆಯಿತು. ಮತ್ತೆ ಒಡೆಯಿತು. ಅಂದು ಮಧ್ಯಾಹ್ನದ ಊಟದವರೆಗೂ ಅವನು ಒಡೆಯುತ್ತಲೇ ಹೋದ, ಭಾವಮೈದುನ ಎಣಿಸುತ್ತಲೇ ಹೋದ. ಒಡೆದ ಒಂದೊಂದು ಬಿಲ್ಲೆಯನ್ನೂ ಕಣ್ಣಿಗೊತ್ತಿಕೊಂಡು ಕೈಮುಗಿದ ಮನುಷ್ಯ ಈ ಭೂಮಿಯ ಮೇಲೆ ಅದಕ್ಕೆ ಮೊದಲು ಹುಟ್ಟಿರಲಿಕ್ಕಿಲ್ಲ.